ಕಸಿ ಕಟ್ಟುವ ಕೈಗೆ ಶಾಲೆ ಎಲ್ಲಿದೆ?

ರಾಣೆಬೆನ್ನೂರು ಸೀಮೆಯಲ್ಲಿ ಹೊತ್ತು ಇಳಿಯುವ ವೇಳೆಗೆ ಬೀಜೋತ್ಪಾದನೆಯ ಪ್ಲಾಟುಗಳಲ್ಲಿ ಹೆಂಗಸರು ಸಾಲು ಹಿಡಿಯುತ್ತಾರೆ. ಎಡಗೈಯಲ್ಲಿ ಟೊಮೆಟೊ ಮೊಗ್ಗು, ಬಲಗೈಯಲ್ಲಿ ಸಣ್ಣ ಚಿಮಟ. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತೇ ಬಿಡಿಸಿ, ಒಳಗಿರುವ ಕೇಸರಗಳ ಹಳದಿ ಕೊಳವೆಯನ್ನು ನಡುವಿನ ಶಲಾಕೆಗೆ ಪೆಟ್ಟಾಗದಂತೆ ಕಿತ್ತು ತೆಗೆಯಬೇಕು. ತಡವಾಯಿತೋ, ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಿಬಿಡುತ್ತದೆ. ತೀರ ಎಳೆಯ ಮೊಗ್ಗಾದರೆ ಚಿಮಟದ ಗಾಯಕ್ಕೇ ಉದುರಿಹೋಗುತ್ತದೆ. ಮರುದಿನ ಬೆಳಿಗ್ಗೆ ಗಂಡು ತಳಿಯ ಹೂಗಳಿಂದ ಒಣಗಿಸಿ ತೆಗೆದಿಟ್ಟ ಪರಾಗವನ್ನು ಅದೇ ಹೂವಿಗೆ ಮುಟ್ಟಿಸಿ, ಗುರುತಿಗೆಂದು ಬುಡದ ಹಸಿರು ಎಸಳು ಎರಡನ್ನು ಕತ್ತರಿಸುತ್ತಾರೆ. ಕೊಯ್ಲಿನ ದಿನ ಆ ಗುರುತಿರುವ ಹಣ್ಣಷ್ಟೇ ಬೀಜಕ್ಕೆ, ಉಳಿದದ್ದೆಲ್ಲ ಬೇರೆ. ಈ ಕೆಲಸಕ್ಕೆ ಅಲ್ಲಿಯವರು ಇಟ್ಟುಕೊಂಡಿರುವ ಹೆಸರು ಕ್ರಾಸಿಂಗ್.

ಇದೇ ಪಾಠ ತೋಟಗಾರಿಕೆ ಪದವಿಯ ಸಸ್ಯ ತಳಿ ಅಭಿವೃದ್ಧಿ ತರಗತಿಯಲ್ಲೂ ಬರುತ್ತದೆ. ಅಲ್ಲಿ ವಿದ್ಯಾರ್ಥಿ ಕೆಲವು ಹೂಗಳಲ್ಲಿ ಇದನ್ನು ಮಾಡಿ ಕಲಿಯುತ್ತಾನೆ. ಇಲ್ಲಿ ಹೆಂಗಸರು ಒಂದೇ ಹಂಗಾಮಿನಲ್ಲಿ ಸಾವಿರಾರು ಹೂಗಳಲ್ಲಿ ಮಾಡುತ್ತಾರೆ. ಮಾಡಿದ್ದು ಸರಿಯೇ ತಪ್ಪೇ ಎಂಬುದಕ್ಕೆ ಕಟ್ಟುನಿಟ್ಟಿನ ಪರೀಕ್ಷೆಯೂ ಇದೆ: ಬೀಜವನ್ನು ಬಿತ್ತಿ ಬೆಳೆಸಿ ನೋಡಿದಾಗ ತಳಿಶುದ್ಧತೆ ಇಲ್ಲದಿದ್ದರೆ ಆ ಬೀಜವನ್ನು ಕಂಪನಿ ಒಪ್ಪುವುದಿಲ್ಲ, ರೈತನ ಶ್ರಮವೆಲ್ಲ ಹೋಗುತ್ತದೆ. ದೇಶದ ಬೇರೆ ಬೇರೆ ರಾಜ್ಯಗಳ ರೈತರು ಕೊಂಡು ಬಿತ್ತುವ ಹೈಬ್ರಿಡ್ ತರಕಾರಿ ಬೀಜ ಈ ಬೆರಳುಗಳ ನಂಬಿಕೆಯ ಮೇಲೆ ನಿಂತಿದೆ. ಆದರೆ ಆ ಬೆರಳುಗಳಿಗೆ ಪ್ರಮಾಣಪತ್ರವಿಲ್ಲ, ಮುಂದೆ ಏರಲು ಮೆಟ್ಟಿಲಿಲ್ಲ, ದಿನಗೂಲಿ ಮಾತ್ರ ಇದೆ.

ಸಸ್ಯವಿಜ್ಞಾನ, ತೋಟಗಾರಿಕೆ ಓದಿದರೆ ಏನು ಕೆಲಸ ಸಿಗುತ್ತದೆ ಎಂದು ಪ್ರತಿ ವರ್ಷ ಫಲಿತಾಂಶದ ಹೊತ್ತಿಗೆ ಕೇಳುವವರು ಬಹಳ. ಈ ಪ್ರಶ್ನೆಯನ್ನು ಇನ್ನೊಂದು ತುದಿಯಿಂದಲೂ ಕೇಳಬೇಕಾಗಿದೆ: ಈಗಾಗಲೇ ಈ ಕೆಲಸ ಮಾಡುತ್ತಿರುವವರಿಗೆ ಓದು ಎಲ್ಲಿ ಸಿಗುತ್ತದೆ?

ಕೈಯಿಂದ ಹುಟ್ಟಿದ ವಿದ್ಯೆ

ಕರ್ನಾಟಕದಲ್ಲಿ ಈ ವಿದ್ಯೆಯ ಮೂಲ ಲಾಲ್‌ಬಾಗಿನಲ್ಲಿದೆ. 1760ರಲ್ಲಿ ಹೈದರ್ ಅಲಿ ಆರಂಭಿಸಿ, ಟಿಪ್ಪು ಬೆಳೆಸಿದ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಆಮೇಲೆ ಅದನ್ನು ನೋಡಿಕೊಂಡವರ ಸಾಲನ್ನು ಗಮನಿಸಬೇಕು: ವಿಲಿಯಂ ನ್ಯೂ, 1874ರಿಂದ 1908ರವರೆಗೆ ಇದ್ದ ಜಾನ್ ಕ್ಯಾಮರೂನ್, ಬಳಿಕ ಜರ್ಮನಿಯ ಜಿ.ಎಚ್. ಕೃಂಬಿಗಲ್, 1932ರಲ್ಲಿ ಆ ಕುರ್ಚಿಗೆ ಬಂದ ಮೊದಲ ಭಾರತೀಯ ಎಚ್.ಸಿ. ಜವರಾಯ, ಮುಂದೆ ಎಂ.ಎಚ್. ಮರಿಗೌಡ. ಇವರೆಲ್ಲರನ್ನೂ ಜೋಡಿಸುವ ಎಳೆ ಲಂಡನ್ನಿನ ಕ್ಯೂ ಉದ್ಯಾನ. ಒಬ್ಬೊಬ್ಬರೂ ಒಂದಲ್ಲ ಒಂದು ಕಾಲದಲ್ಲಿ ಅಲ್ಲಿ ಕೆಲಸ ಮಾಡಿದವರು ಅಥವಾ ತರಬೇತಿ ಪಡೆದವರು.

ಕ್ಯೂ ಉದ್ಯಾನದ ಪದ್ಧತಿ ಸರಳವಾಗಿತ್ತು. ತರುಣರನ್ನು ಮೊದಲು ತೋಟದ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು. ಹಗಲು ಗಾಜಿನ ಮನೆಯಲ್ಲಿ, ಸಸಿಮಡಿಯಲ್ಲಿ, ಕುಂಡಗಳ ನಡುವೆ ದುಡಿಮೆ. ಸಂಜೆ ಸಸ್ಯಶಾಸ್ತ್ರದ ಉಪನ್ಯಾಸ. ಮಣ್ಣು ಹದ ಮಾಡುವವನಿಗೇ ಗಿಡದ ಕುಲ, ಕುಟುಂಬ, ವೈಜ್ಞಾನಿಕ ಹೆಸರು ಬಾಯಿಗೆ ಬರಬೇಕು ಎಂಬುದು ಅಲ್ಲಿಯ ನಿಯಮ. ಇಂದಿಗೂ ಕ್ಯೂ ಡಿಪ್ಲೊಮಾದ ವಿದ್ಯಾರ್ಥಿಗಳು ಉದ್ಯಾನದ ವಿಭಾಗಗಳಲ್ಲಿ ದುಡಿಯುತ್ತಲೇ ಓದುತ್ತಾರೆ, ಗಿಡ ಗುರುತಿಸುವ ಪರೀಕ್ಷೆಗಳನ್ನು ಮತ್ತೆ ಮತ್ತೆ ಬರೆಯುತ್ತಾರೆ. ಕೃಂಬಿಗಲ್ ಬೆಂಗಳೂರಿನ ಬೀದಿಗಳಿಗೆ ಒಂದಾದ ಮೇಲೊಂದು ತಿಂಗಳು ಹೂವು ಬರುವಂತೆ ಮರಗಳನ್ನು ಆರಿಸಿ ನೆಡಿಸಿದ್ದು ಬರೀ ಪುಸ್ತಕದ ಜ್ಞಾನದಿಂದ ಆಗುವ ಕೆಲಸವಲ್ಲ. ಯಾವ ಮರ ಯಾವ ಮಣ್ಣಿನಲ್ಲಿ ಎಂದು ಎಲೆ ಉದುರಿಸುತ್ತದೆ, ಎಂದು ಮೊಗ್ಗಿಡುತ್ತದೆ ಎಂದು ವರ್ಷಗಟ್ಟಲೆ ನೋಡಿದ ಕಣ್ಣು ಅದಕ್ಕೆ ಬೇಕು.

ಮರಿಗೌಡರ ಕಥೆ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಹಳ್ಳಿಯಲ್ಲಿ 1916ರ ಆಗಸ್ಟ್ 8ರಂದು ಹುಟ್ಟಿ, ಸಸ್ಯಶಾಸ್ತ್ರ ಓದಿ, ಹಾರ್ವರ್ಡ್‌ನಲ್ಲಿ ಪಿಎಚ್‌.ಡಿ. ಮಾಡಿ ಬಂದವರು. ಅಷ್ಟು ಓದಿದ ಮೇಲೂ ಅವರು ಕಟ್ಟಿದ್ದು ಸಸಿ ತೋಟಗಳನ್ನು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ಮೊದಲ ನಿರ್ದೇಶಕರಾದ ಅವರು ರಾಜ್ಯದ ಮೂಲೆಮೂಲೆಯಲ್ಲಿ ಇಲಾಖೆಯ ಫಾರಂ, ನರ್ಸರಿಗಳನ್ನು ತೆರೆದರು. ರೈತನಿಗೆ ನಂಬಿಕೆಯ ಸಸಿ, ಕಣ್ಣಿಗೆ ಕಾಣುವ ಮಾದರಿ ತೋಟ, ಬೆಳೆದದ್ದಕ್ಕೆ ಮಾರುಕಟ್ಟೆ, ಈ ಮೂರೂ ಇರಬೇಕು ಎನ್ನುವುದು ಅವರ ಹಟ. 1959ರಲ್ಲಿ ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ ಮುಂದೆ ಹಾಪ್‌ಕಾಮ್ಸ್ ಆದ ಸಂಸ್ಥೆಯ ಹಿಂದೆಯೂ ಅವರಿದ್ದರು. ಇಷ್ಟೊಂದು ನರ್ಸರಿಗಳು ನಡೆಯಬೇಕಾದರೆ ಕಸಿ ಕಟ್ಟಬಲ್ಲ, ಗೂಟಿ ಹಾಕಬಲ್ಲ, ತಾಯಿಮರ ಗುರುತಿಸಬಲ್ಲ ಜನ ಬೇಕಿತ್ತು. ಇಲಾಖೆಯ ತೋಟಗಳೇ ಅವರಿಗೆ ಪಾಠಶಾಲೆಯಾದವು.

ಇವತ್ತು ಆ ಪರಂಪರೆಯ ನೇರ ಕುಡಿ ಎಂದರೆ ತೋಟಗಾರಿಕೆ ಇಲಾಖೆ ಲಾಲ್‌ಬಾಗ್ ಮತ್ತು ಜಿಲ್ಲೆಗಳ ಕೆಲವು ಕೇಂದ್ರಗಳಲ್ಲಿ ನಡೆಸುವ ಹತ್ತು ತಿಂಗಳ ತೋಟಗಾರಿಕೆ ತರಬೇತಿ. ಎಸ್ಸೆಸ್ಸೆಲ್ಸಿ ಪಾಸಾದ ರೈತರ ಮಕ್ಕಳಿಗೆ ಇದು ತೆರೆದಿದೆ. ಕನ್ನಡದಲ್ಲೇ ಪಾಠ, ಸಸ್ಯಾಭಿವೃದ್ಧಿಯಿಂದ ಕೀಟ ರೋಗದವರೆಗೆ ಕೈಯಾರೆ ಕಲಿಕೆ. ಈಚಿನ ವರ್ಷಗಳ ಪ್ರಕಟಣೆಗಳಲ್ಲಿ ತಿಂಗಳಿಗೆ 1750 ರೂಪಾಯಿ ಶಿಷ್ಯವೇತನ ಎಂದಿರುತ್ತದೆ. ಒಳ್ಳೆಯ ತರಬೇತಿ. ಆದರೆ ಅರ್ಜಿಯ ಜೊತೆ ತಂದೆ, ತಾಯಿ ಅಥವಾ ಪೋಷಕರ ಜಮೀನಿನ ಪಹಣಿ ಇಡಬೇಕು. ಇಲ್ಲಿಯೇ ನನ್ನ ತಕರಾರು. ರಾಣೆಬೆನ್ನೂರಿನ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡುವ ಕೂಲಿ ಹೆಂಗಸಿನ ಮಗಳ ಹತ್ತಿರ ಪಹಣಿ ಎಲ್ಲಿಂದ ಬರಬೇಕು? ಬೇರೆಯವರ ನರ್ಸರಿಯಲ್ಲಿ ಮಾವಿನ ಕಸಿ ಕಟ್ಟುವವನ ಮಗನಿಗೆ? ತೋಟದಲ್ಲಿ ಅತಿ ಸೂಕ್ಷ್ಮ ಕೆಲಸ ಮಾಡುವ ಮನೆಗಳು ಬಹುಪಾಲು ಜಮೀನಿಲ್ಲದ ಮನೆಗಳು. ಜಮೀನಿದ್ದವರ ಮಕ್ಕಳು ಕಲಿಯಬೇಕಾದದ್ದೇ. ಆದರೆ ಕೈಕೆಲಸದ ಶಾಲೆಯ ಬಾಗಿಲಲ್ಲಿ ಕೈಕೆಲಸದವರ ಮಕ್ಕಳೇ ಹೊರಗುಳಿದರೆ ಆ ಶಾಲೆಗೆ ಅರ್ಧ ಬಲವಷ್ಟೇ ಬರುತ್ತದೆ.

ಮೇಲಿನ ಮೆಟ್ಟಿಲು

ಮೇಲ್ಮಟ್ಟದ ಓದು ಮಾತ್ರ ಈ ಮೂರು ದಶಕಗಳಲ್ಲಿ ನಿಜಕ್ಕೂ ಬೆಳೆದಿದೆ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಕೊಟ್ಟ 30 ಎಕರೆಯಲ್ಲಿ ಪ್ರಯೋಗ ಕ್ಷೇತ್ರ ಶುರುವಾಯಿತು, 1913ರಲ್ಲಿ ಕೃಷಿ ಶಾಲೆ, 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ. ಆಗೆಲ್ಲ ತೋಟಗಾರಿಕೆ ಎಂದರೆ ಕೃಷಿ ಪದವಿಯೊಳಗಿನ ಒಂದು ವಿಭಾಗ. ಪ್ರತ್ಯೇಕ ತೋಟಗಾರಿಕೆ ಕಾಲೇಜು ಮೂಡಿಗೆರೆಯಲ್ಲಿ 1991ರಲ್ಲಿ, ಅರಭಾವಿಯಲ್ಲಿ 1994ರಲ್ಲಿ ಬಂತು. 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಸ್ಥಾಪನೆಯಾಯಿತು. ಈಗ ಶಿರಸಿ, ಕೋಲಾರ, ಬೀದರ್, ಮುನಿರಾಬಾದ್ ಹೀಗೆ ಬೇರೆ ಬೇರೆ ಹವೆಯ ಸೀಮೆಗಳಲ್ಲಿ ಅದರ ಕಾಲೇಜುಗಳಿವೆ. ಶಿರಸಿಯಲ್ಲಿ ಓದುವವರ ಸುತ್ತ ಅಡಿಕೆ, ಕಾಳುಮೆಣಸು. ಕೋಲಾರದಲ್ಲಿ ಟೊಮೆಟೊ, ಮಾವು.

ನಾಲ್ಕು ವರ್ಷದ ಬಿ.ಎಸ್ಸಿ. ತೋಟಗಾರಿಕೆಗೆ ಪಿಯುಸಿ ವಿಜ್ಞಾನ ಮತ್ತು ಸಿಇಟಿ ದಾರಿ. ಕೃಷಿಕರ ಕೋಟಾದಲ್ಲಿ ಬರುವವರಿಗೆ ಪ್ರಾಯೋಗಿಕ ಪರೀಕ್ಷೆಯೂ ಉಂಟು: ಬೀಜ, ಉಪಕರಣ, ಗೊಬ್ಬರ ಇಟ್ಟು ಇದೇನೆಂದು ಕೇಳುತ್ತಾರೆ. ನಮ್ಮ ಇಡೀ ಪ್ರವೇಶ ವ್ಯವಸ್ಥೆಯಲ್ಲಿ ಹೊಲದಲ್ಲಿ ಬೆಳೆದ ಮಗುವಿನ ಕಣ್ಣಿಗೆ ಅಂಕ ಸಿಗುವ ಜಾಗ ಇಂಥದ್ದು ಬೇರೆ ಇಲ್ಲವೆಂದೇ ಹೇಳಬೇಕು. ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ಉಳಿಯುತ್ತಾರೆ, ರೈತರ ಮನೆಯ ಬಾಗಿಲಿಗೆ ಹೋಗಿ ಮಣ್ಣು ಪರೀಕ್ಷೆ, ಬೀಜೋಪಚಾರ ಮಾಡಿ ತೋರಿಸುತ್ತಾರೆ. ಹಿರಿಯ ರೈತರು ಇವರಿಗೆ ಕಲಿಸುವುದೂ ಕಮ್ಮಿಯಲ್ಲ. ಪದವಿಯ ಅತಿ ಬೆಲೆಯುಳ್ಳ ತಿಂಗಳುಗಳು ಅವೇ ಎಂದು ನಾನು ನಂಬುತ್ತೇನೆ.

ಆದರೆ ಪದವಿ ಕೈಗೆ ಬಂದ ಮೇಲೆ ಬಹಳಷ್ಟು ಮಂದಿ ಕೂರುವುದು ಸ್ಪರ್ಧಾತ್ಮಕ ಪರೀಕ್ಷೆಗೆ. ಸಹಾಯಕ ತೋಟಗಾರಿಕೆ ಅಧಿಕಾರಿ ಹುದ್ದೆ, ಬ್ಯಾಂಕಿನ ಕೃಷಿ ಕ್ಷೇತ್ರಾಧಿಕಾರಿ ಹುದ್ದೆ, ಅದೂ ಅಲ್ಲದಿದ್ದರೆ ಸ್ನಾತಕೋತ್ತರ ಓದು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಒಬ್ಬರಿಗಾದರೂ ತಿಂಗಳ ಸಂಬಳ ಬರಲಿ ಎಂದು ಕಾಯುವ ತಂದೆತಾಯಿ ಅವರ ಹಿಂದಿದ್ದಾರೆ. ಆದರೆ ನರ್ಸರಿ ನಡೆಸುವುದು, ಅಂಗಾಂಶ ಕೃಷಿಯ ಲ್ಯಾಬ್, ಪಾಲಿಹೌಸ್ ನಿರ್ವಹಣೆ, ಹಣ್ಣಿನ ಸಂಸ್ಕರಣೆ, ನಗರಗಳ ಉದ್ಯಾನ ವಿನ್ಯಾಸ ಇವೆಲ್ಲವೂ ಈ ಓದಿಗೆ ತೆರೆದಿರುವ ದಾರಿಗಳೇ. ಅಲ್ಲಿ ನಿಲ್ಲಬೇಕಾದರೆ ಅಂಕಪಟ್ಟಿಯ ಜೊತೆ ಕೈಯೂ ಪಳಗಿರಬೇಕು.

ತಪ್ಪು ತಿಳಿಯಲು ನಾಲ್ಕು ವರ್ಷ

ಮಾವಿನ ಕಸಿಯನ್ನೇ ನೋಡಿ. ಓಟೆಯ ಜೀವ ಕೆಲವೇ ವಾರಗಳದ್ದು, ಹಣ್ಣಿನ ಕಾಲ ಮುಗಿಯುತ್ತಿದ್ದಂತೆ ಸಸಿಮಡಿಗೆ ಹಾಕಬೇಕು. ಕಸಿ ಕಡ್ಡಿ ತೆಗೆಯುವ ವಾರಕ್ಕೂ ಮೊದಲು ತಾಯಿಮರದಲ್ಲೇ ಆ ಕೊಂಬೆಯ ಎಲೆಗಳನ್ನು ತೊಟ್ಟು ಉಳಿಸಿ ಸವರಬೇಕು. ಆಗ ತುದಿಯ ಕಣ್ಣು ಉಬ್ಬಿ ಚಿಗುರಲು ಸಜ್ಜಾಗುತ್ತದೆ. ಬೇರುಸಸಿಯ ಎಳೆ ಕಾಂಡವನ್ನು ಸೀಳಿ, ಅಷ್ಟೇ ದಪ್ಪದ ಕಡ್ಡಿಯನ್ನು ಬೆಣೆಯಂತೆ ಕೆತ್ತಿ ಕೂರಿಸಿ, ತೊಗಟೆಗೆ ತೊಗಟೆ ಕೂಡುವಂತೆ ಪಾಲಿಥಿನ್ ಪಟ್ಟಿ ಬಿಗಿಯಬೇಕು. ತೊಗಟೆಯ ಅಡಿಯ ತೆಳು ಹಸಿರು ಪದರ ಎರಡೂ ಕಡೆ ಒಂದಕ್ಕೊಂದು ತಾಗದಿದ್ದರೆ ಬೆಸುಗೆಯಿಲ್ಲ. ಗಾಳಿಯಲ್ಲಿ ತೇವವಿರುವ ಮಳೆಗಾಲದಲ್ಲಿ ಇದು ಚೆನ್ನಾಗಿ ಹಿಡಿಯುತ್ತದೆ. ಪಳಗಿದವರು ಇದನ್ನು ಮಾತಾಡುತ್ತಲೇ ಕಟ್ಟುತ್ತಾರೆ, ಕಸಿಗೆ ಇಷ್ಟು ಎಂದು ಎಣಿಸಿ ಕೂಲಿ ಪಡೆಯುತ್ತಾರೆ.

ಈ ಕಸುಬಿನಲ್ಲಿ ತಪ್ಪು ಕೂಡಲೇ ಕಾಣದು. ತಾಯಿಮರ ತಪ್ಪಾಗಿ ಆರಿಸಿದರೂ ಕಸಿ ಚೆಂದಾಗಿ ಚಿಗುರುತ್ತದೆ. ರೈತ ಸಾಲ ಮಾಡಿ ಗುಂಡಿ ತೋಡಿ, ನೀರು ಹೊತ್ತು, ನಾಲ್ಕೈದು ವರ್ಷ ಸಾಕಿದ ಮೇಲೆ ಬರುವ ಮೊದಲ ಹಣ್ಣು ನಿಜ ಹೇಳುತ್ತದೆ. ಅಷ್ಟರಲ್ಲಿ ಭೂಮಿಯೂ ವಯಸ್ಸೂ ಹೋಗಿರುತ್ತದೆ. ಕಸಿ ಕಟ್ಟುವವರ ಓದು ಅವರೊಬ್ಬರ ಉದ್ಯೋಗದ ಪ್ರಶ್ನೆಯಷ್ಟೇ ಆಗಿ ಉಳಿಯದಿರುವುದು ಇದಕ್ಕೇ.

ಒಳ್ಳೆಯದೂ ಇದೇ ಕೈಯಿಂದ ಬರುತ್ತದೆ. ತುಮಕೂರು ಜಿಲ್ಲೆಯ ಚೇಳೂರಿನ ರೈತ ಕುಟುಂಬವೊಂದರ ತೋಟದಲ್ಲಿದ್ದ ತಾಮ್ರದ ಕೆಂಪು ತೊಳೆಯ ಹಲಸಿನ ಮರವನ್ನು ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರ ಗುರುತಿಸಿತು. ಅದೇ ಇಂದಿನ ‘ಸಿದ್ದು’ ಹಲಸು. ಹಲಸನ್ನು ಬೀಜದಿಂದ ಬೆಳೆಸಿದರೆ ತಾಯಿಯ ಗುಣ ಬರುವ ಭರವಸೆಯಿಲ್ಲ. ಆ ಒಂದು ಮರ ಸಾವಿರಾರು ಮರವಾಗಲು ಕಸಿಯೊಂದೇ ದಾರಿ. ಸಂಸ್ಥೆ ರೈತರೊಡನೆ ಒಪ್ಪಂದ ಮಾಡಿಕೊಂಡು, ಕಸಿ ಗಿಡ ಮಾರಿದ ಹಣದಲ್ಲಿ ಶೇ 75ರಷ್ಟು ಮರದ ಒಡೆಯರಿಗೇ ಸಲ್ಲುವಂತೆ ಮಾಡಿತು. ಸಂಶೋಧಕರು, ಮರ ಸಾಕಿದ ರೈತ, ಕಸಿಗಾರ ಮೂವರೂ ಒಂದೇ ಕೆಲಸಕ್ಕೆ ಕೂಡಿದ್ದು ಇಲ್ಲಿ. ಮೊದಲಿಬ್ಬರ ಪಾಲು ಕಾಗದದ ಮೇಲೆ ಬಂದಿದೆ.

ವಿಜಯಪುರ, ಅಥಣಿ ಕಡೆಯ ದ್ರಾಕ್ಷಿ ತೋಟಗಳಿಗೆ ಹೋದರೆ ಇದೇ ಮಾತು ಚಾಟ್ನಿಯ, ಅಂದರೆ ಬಳ್ಳಿ ಸವರುವ ಕೆಲಸದ ರೂಪದಲ್ಲಿ ಎದುರಾಗುತ್ತದೆ. ಅಲ್ಲಿ ವರ್ಷಕ್ಕೆ ಎರಡು ಚಾಟ್ನಿ. ಏಪ್ರಿಲ್ ಚಾಟ್ನಿಯಲ್ಲಿ ಕಡ್ಡಿಯನ್ನು ಬುಡದ ಕಣ್ಣಿನವರೆಗೆ ಸವರುತ್ತಾರೆ. ಆಮೇಲೆ ಬರುವ ಹೊಸ ಕಡ್ಡಿಯ ಕಣ್ಣುಗಳೊಳಗೆ ಬೇಸಿಗೆ ಕಳೆಯುವಷ್ಟರಲ್ಲಿ ಮುಂದಿನ ಫಸಲಿನ ಗೊಂಚಲು ಮೂಡಿರುತ್ತದೆ, ಹೊರಗೆ ಏನೂ ಕಾಣದು. ಅಕ್ಟೋಬರ್ ಚಾಟ್ನಿಯಲ್ಲಿ ಎಷ್ಟನೇ ಕಣ್ಣಿನ ಮೇಲೆ ಕತ್ತರಿ ಇಡಬೇಕು ಎಂಬುದನ್ನು ಆ ಕಾಣದ ಗೊಂಚಲನ್ನು ಅಂದಾಜು ಮಾಡಿ ನಿರ್ಧರಿಸಬೇಕು. ಒಂದೆರಡು ಕಣ್ಣು ತಪ್ಪಿದರೂ ಫಸಲಿನ ಬದಲು ಬರೀ ಬಳ್ಳಿ ಸಿಗಬಹುದು. ಈ ನಿರ್ಧಾರವನ್ನು ದಿನವೂ ಸಾವಿರ ಸಲ ಮಾಡುವವರು ಗುಂಪು ಕಟ್ಟಿಕೊಂಡು ಊರೂರಿಗೆ ಹೋಗುವ ಕೂಲಿಗಳು.

ದಾಳಿಂಬೆಯಲ್ಲಿ ಕತ್ತರಿಯೇ ರೋಗವನ್ನೂ ಹೊತ್ತೊಯ್ಯುತ್ತದೆ. 2000ದ ದಶಕದಲ್ಲಿ ಉತ್ತರ ಕರ್ನಾಟಕದ ದಾಳಿಂಬೆ ತೋಟಗಳನ್ನು ನೆಲಕ್ಕೆ ಕೆಡವಿದ ದುಂಡಾಣು ಅಂಗಮಾರಿ ಮಳೆಹನಿಯ ಜೊತೆ, ಸೋಂಕಿನ ಸಸಿಯ ಜೊತೆ ಹರಡಿದಂತೆ ಸವರುವ ಕತ್ತರಿಯ ಜೊತೆಗೂ ಗಿಡದಿಂದ ಗಿಡಕ್ಕೆ ಹೋಗುತ್ತದೆ. ಪ್ರತಿ ಗಿಡ ಮುಗಿದ ಮೇಲೆ ಕತ್ತರಿಯನ್ನು ಸೋಂಕುನಿವಾರಕದಲ್ಲಿ ಅದ್ದಿದರೆ ಆ ದಾರಿ ಮುಚ್ಚುತ್ತದೆ. ಕೆಲವೇ ಕ್ಷಣದ ಕೆಲಸ. ಏಕೆ ಅದ್ದಬೇಕು ಎಂದು ಗೊತ್ತಿದ್ದವರು ಯಜಮಾನ ನೋಡದಿದ್ದಾಗಲೂ ಅದ್ದುತ್ತಾರೆ. ಗೊತ್ತಿಲ್ಲದವರಿಗೆ ಅದು ಸಮಯ ಹಾಳು. ಎಕರೆಗಟ್ಟಲೆ ತೋಟದ ಆಯಸ್ಸು ಆ ಒಂದು ಕಾರಣ ತಿಳಿದಿರುವುದರ ಮೇಲೆ ನಿಂತಿರುತ್ತದೆ.

ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಸಮೀಪಿಸಿದರೆ ಅಡಿಕೆ ಮರ ಏರುವ ಕೊನೆಗಾರನಿಗೆ ಮನೆಮನೆಯ ಕರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದು ಎಂದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತೋರಿಸಿಕೊಟ್ಟವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಮಳೆಗೆ ತೊಳೆದು ಹೋಗದಿರಲೆಂದು ಅದಕ್ಕೆ ರಾಳದ ಅಂಟು ಸೇರಿಸಿದ್ದೂ ಅವರೇ. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಅದಲು ಬದಲು ಮಾಡಬಾರದು. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಬಣ್ಣ ಹತ್ತಿದರೆ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಇದು ರಸಾಯನಶಾಸ್ತ್ರದ ಪಾಠವೇ. ಇದನ್ನು ಬಲ್ಲವರು, ಮಳೆಗೆ ಜಾರುವ ಮರದ ತುದಿಯಲ್ಲಿ ನಿಂತು ಮದ್ದು ಹೊಡೆಯಬಲ್ಲವರು ಈಗ ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಅಪಾಯದ ಕೆಲಸ, ವಿಮೆಯಿಲ್ಲ, ಮರ್ಯಾದೆ ಕಡಿಮೆ ಎಂದು ಅವರ ಮಕ್ಕಳು ಬೇರೆ ದಾರಿ ಹಿಡಿದರು.

ಹೀಗಿದ್ದರೂ ಈ ಕೊರತೆಗೆ ಉತ್ತರ ಹುಡುಕಿದ ಪ್ರಯತ್ನಗಳು ಇವೆ, ಅವು ಫಲ ಕೊಟ್ಟಿವೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಆರಂಭಿಸಿತು. ಸುಮಾರು ಒಂದು ವಾರದ ಶಿಬಿರ. ಮರವೇರುವ ಯಂತ್ರ, ಸುಳಿ ಸ್ವಚ್ಛ ಮಾಡುವುದು, ಕುರುವಾಯಿ ದುಂಬಿ, ಕೆಂಪುಮೂತಿ ಹುಳುವಿನ ಗುರುತು, ಕೊನೆಗೆ ವಿಮೆ. ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಅಡಿಕೆ ಮರ ಏರುವವರಿಗೆ ಇಂಥದೇ ಶಿಬಿರಗಳು ನಡೆದು, ಓದಿದ ಯುವಕರೂ ಬಂದು ಕಲಿತರು. ಕೆಲಸಕ್ಕೆ ಹೆಸರು, ಸಲಕರಣೆ, ರಕ್ಷಣೆ ಕೊಟ್ಟಾಗ ಬರುವವರು ಇದ್ದಾರೆ ಎಂಬುದಕ್ಕೆ ಇದು ಸಾಕ್ಷಿ. ಕೇಂದ್ರ ಸರ್ಕಾರದ ಕೌಶಲ ಯೋಜನೆಯಲ್ಲಿ, ಅನುಭವದಿಂದ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಕ್ರಮವೂ ಇದೆ. ಕೃಷಿ ಕೌಶಲ ಮಂಡಳಿ ತೋಟದ ಮಾಲಿಗೆ, ನರ್ಸರಿ ಕೆಲಸಗಾರರಿಗೆ, ಹಸಿರುಮನೆ ನಿರ್ವಾಹಕರಿಗೆ ಮಟ್ಟಗಳನ್ನು ಬರೆದಿಟ್ಟಿದೆ. ಐಟಿಐಗಳ ಪಟ್ಟಿಯಲ್ಲಿ ತೋಟಗಾರಿಕೆ, ಪುಷ್ಪಕೃಷಿ ವೃತ್ತಿಗಳೂ ಸೇರಿವೆ. ಆದರೆ ಪ್ರಮಾಣಪತ್ರ ಇದ್ದವರಿಗೂ ಇಲ್ಲದವರಿಗೂ ನರ್ಸರಿಯಲ್ಲಿ ಒಂದೇ ಕೂಲಿ ಆದರೆ ಅದನ್ನು ಪಡೆಯಲು ಎರಡು ದಿನದ ದುಡಿಮೆ ಬಿಟ್ಟು ಯಾರು ಬರುತ್ತಾರೆ?

ಮಧ್ಯದ ಮೆಟ್ಟಿಲು ಇಲ್ಲದಿರುವುದೇ ನಿಜವಾದ ತೊಡಕು. ಕೃಷಿ ಪದವಿಗಳ ಹೊಸ ಪಠ್ಯಕ್ರಮದಲ್ಲಿ ಒಂದು ವರ್ಷಕ್ಕೆ ಪ್ರಮಾಣಪತ್ರ, ಎರಡು ವರ್ಷಕ್ಕೆ ಡಿಪ್ಲೊಮಾ ಪಡೆದು ಹೊರಬರಲು ಅವಕಾಶ ಮಾಡಿದ್ದಾರೆ. ಅದು ಮೇಲಿನಿಂದ ಇಳಿಯುವವರ ದಾರಿ. ಕೆಳಗಿನಿಂದ ಏರುವವರಿಗೆ, ಅಂದರೆ ಹತ್ತು ತಿಂಗಳ ತರಬೇತಿ ಮುಗಿಸಿದ ಎಸ್ಸೆಸ್ಸೆಲ್ಸಿ ಹುಡುಗಿಗೆ ಪದವಿ ಬೇಕೆಂದರೆ ಮತ್ತೆ ಪಿಯುಸಿ ವಿಜ್ಞಾನಕ್ಕೇ ಹೋಗಬೇಕು. ಅವಳು ಕಟ್ಟಿದ ಕಸಿಗಳಿಗೆ ಅಲ್ಲಿ ಲೆಕ್ಕವಿಲ್ಲ.

ನಾನು ಕೇಳುವುದು ಅತಿ ದೊಡ್ಡದೇನಲ್ಲ. ಹತ್ತು ತಿಂಗಳ ತರಬೇತಿಯಲ್ಲಿ ಕೃಷಿ ಕಾರ್ಮಿಕರ ಮಕ್ಕಳಿಗೆ ಪಹಣಿಯ ಬದಲು ಪಂಚಾಯಿತಿಯ ದೃಢೀಕರಣವನ್ನೋ ಉದ್ಯೋಗ ಖಾತರಿಯ ಜಾಬ್ ಕಾರ್ಡನ್ನೋ ಒಪ್ಪಬಹುದು. ಮನೆಗೆ ಕೂಲಿ ತರುವ ಮಗುವನ್ನು ತರಗತಿಗೆ ಕಳಿಸಬೇಕಾದರೆ ಶಿಷ್ಯವೇತನ ಕೂಲಿಯ ಹತ್ತಿರಕ್ಕಾದರೂ ಬರಬೇಕು. ತರಬೇತಿ ಪಡೆದು ಕೆಲವು ವರ್ಷ ನರ್ಸರಿಯಲ್ಲಿ ದುಡಿದವರಿಗೆ ಕನ್ನಡದಲ್ಲೇ ಓದುವ ಡಿಪ್ಲೊಮಾದಲ್ಲಿ ಸೀಟು ಮೀಸಲಿಡಬಹುದು. ಸರ್ಕಾರದ ಸಹಾಯಧನ ಪಡೆಯುವ ನರ್ಸರಿಗಳಲ್ಲಿ ಪ್ರಮಾಣಿತ ಕಸಿಗಾರರು ಇರಲೇಬೇಕು, ಅವರಿಗೆ ಹೆಚ್ಚಿನ ಕೂಲಿ ಸಲ್ಲಲೇಬೇಕು ಎಂದು ನಿಯಮ ಮಾಡಬಹುದು. ಕಸಿ ಗಿಡದ ಚೀಟಿಯ ಮೇಲೆ ತಳಿಯ ಹೆಸರು, ತಾಯಿಮರದ ಗುರುತಿನ ಜೊತೆ ಕಸಿ ಕಟ್ಟಿದವರ ಹೆಸರನ್ನೂ ಬರೆಯಬೇಕು. ನಾಲ್ಕು ವರ್ಷದ ನಂತರ ಹಣ್ಣು ಚೆನ್ನಾಗಿ ಬಂದರೆ ರೈತ ಆ ಹೆಸರನ್ನು ಕೇಳಿಕೊಂಡು ಬರುತ್ತಾನೆ.

ಬಾಗಲಕೋಟೆ, ಶಿರಸಿ, ಕೋಲಾರದ ಕಾಲೇಜುಗಳಿಗೂ ಇದರಲ್ಲಿ ಪಾಲಿದೆ. ಕಸಿಯ ತರಗತಿಗೆ ಊರಿನ ಹಿರಿಯ ಕಸಿಗಾರರನ್ನು, ದ್ರಾಕ್ಷಿಯ ಪಾಠಕ್ಕೆ ಚಾಟ್ನಿಯ ಮೇಸ್ತ್ರಿಯನ್ನು ಗೌರವಧನ ಕೊಟ್ಟು ಕರೆಸಲಿ. ಸಂಜೆ ಅದೇ ಪ್ರಯೋಗಶಾಲೆಯಲ್ಲಿ ಅವರು ಸೂಕ್ಷ್ಮದರ್ಶಕದಡಿ ದ್ರಾಕ್ಷಿಯ ಕಣ್ಣನ್ನು ಸೀಳಿ, ತಾವು ಇಷ್ಟು ವರ್ಷ ಅಂದಾಜಿನಲ್ಲೇ ಉಳಿಸಿದ ಗೊಂಚಲು ಒಳಗೆ ಹೇಗಿರುತ್ತದೆ ಎಂದು ನೋಡಲಿ. ಹತ್ತು ತಿಂಗಳ ತರಬೇತಿಗೆ ಅರ್ಜಿ ಕರೆಯುವ ಪ್ರಕಟಣೆಗಳು ಬೇಸಿಗೆಯಲ್ಲಿ ಪತ್ರಿಕೆಗಳ ಒಳಪುಟದಲ್ಲಿ ಸಣ್ಣದಾಗಿ ಬರುತ್ತವೆ, ತರಗತಿ ಸಾಮಾನ್ಯವಾಗಿ ಮೇ ಮೊದಲ ವಾರದಲ್ಲಿ ಶುರುವಾಗುತ್ತದೆ. ನಿಮ್ಮ ತೋಟಕ್ಕೆ ಕಸಿಗೆ, ಚಾಟ್ನಿಗೆ, ಕೊನೆ ಇಳಿಸಲು ಬರುವವರ ಮನೆಯಲ್ಲಿ ಹತ್ತನೇ ತರಗತಿ ಮುಗಿಸಿದ ಮಗುವಿದ್ದರೆ ಆ ಪ್ರಕಟಣೆಯನ್ನು ಅವರಿಗೆ ತಲುಪಿಸಿ. ಪಹಣಿ ಇಲ್ಲವೆಂದು ಅರ್ಜಿ ವಾಪಸ್ ಬಂದರೆ ಅವರ ಜೊತೆ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ಹೋಗಿ ಏಕೆಂದು ಕೇಳಿ.